ದೂರ ಹೋದರೆ ಕಾಣುವುದೇ?

ವಿದೇಶದಲ್ಲಿ ಓದುವುದರ ಲಾಭದ ಬಗ್ಗೆ ಒಂದು ವಾದ ಎಷ್ಟು ಬಳಕೆಯಲ್ಲಿದೆಯೆಂದರೆ, ಅದನ್ನು ಯಾರೂ ವಾದವೆಂದೇ ಎಣಿಸುವುದಿಲ್ಲ. ತನ್ನ ಸಂಸ್ಕೃತಿಯೊಳಗೇ ಮುಳುಗಿರುವವನಿಗೆ ಅದು ಕಾಣದು. ಹೊರಗೆ ಹೋಗಿ ನಾಲ್ಕು ವರ್ಷ ಇದ್ದು ಬಂದರೆ ಕಾಣತೊಡಗುತ್ತದೆ, ಮನುಷ್ಯ ಮಾಗುತ್ತಾನೆ ಎಂಬುದು ಅದರ ತಿರುಳು. ವಿಶ್ವವಿದ್ಯಾಲಯಕ್ಕೆ ಹಾಕುವ ಅರ್ಜಿಯಲ್ಲಿ, ಬೀಳ್ಕೊಡುಗೆಯ ಭಾಷಣದಲ್ಲಿ, ಮರಳಿ ಬಂದವರ ಸಂದರ್ಶನದಲ್ಲಿ ಇದೇ ಮಾತು. ಕಡಲು ದಾಟಿದವರಿಗೆ ಪ್ರಾಯಶ್ಚಿತ್ತ ವಿಧಿಸುತ್ತಿದ್ದ ಶಾಸ್ತ್ರಿಗಳ ತಕರಾರು ಈಗ ಯಾರಿಗೂ ಬೇಡ. ಊರು ಬಿಟ್ಟರೂ ಮನಸ್ಸು ಬೆನ್ನು ಬಿಡದು ಎಂದು ಎಚ್ಚರಿಸಿದ ಸೆನೆಕನಿಗೂ ಎಮರ್ಸನ್ನನಿಗೂ ಇಲ್ಲಿ ಒಂದು ನಮಸ್ಕಾರ ಸಾಕು. ಅವರ ಕಣ್ಣಿದ್ದದ್ದು ಪ್ರವಾಸಿಯ ಮೇಲೆ, ವಿದ್ಯಾರ್ಥಿಯ ಮೇಲಲ್ಲ. ಕಿರಿಕಿರಿ ಹುಟ್ಟಿಸುವುದು ಮೊದಲ ವಾದದ ನೆಮ್ಮದಿ. ದೂರವೇ ಕಣ್ಣು ಕೊಡುತ್ತದೆಯೆಂದು ಅದು ನಂಬಿ ಕೂತಿದೆ.

ಈ ನಂಬಿಕೆಗೆ ಕನ್ನಡದಲ್ಲಿ ಸಿಗುವ ಗಟ್ಟಿ ಸಾಕ್ಷಿ ಯು.ಆರ್. ಅನಂತಮೂರ್ತಿ. ಮಲೆನಾಡಿನ ಬ್ರಾಹ್ಮಣ ಮನೆತನದಿಂದ ಬಂದ ಅವರು ಬರ್ಮಿಂಗ್‌ಹ್ಯಾಮಿನಲ್ಲಿ ಓದಿ 1966ರಲ್ಲಿ ಪಿಎಚ್.ಡಿ. ಪಡೆದರು. 1965ರಲ್ಲಿ ಪ್ರಕಟವಾದ ‘ಸಂಸ್ಕಾರ’ವನ್ನು ಬರೆದದ್ದು ಅಲ್ಲೇ. ಅಧ್ಯಾಪಕ ಮಾಲ್ಕಮ್ ಬ್ರ್ಯಾಡ್‌ಬರಿಯವರ ಜೊತೆ ಬರ್ಗ್‌ಮನ್ನನ ‘ದಿ ಸೆವೆಂತ್ ಸೀಲ್’ ನೋಡಿದ್ದು ಕಾದಂಬರಿಗೆ ಕಿಡಿಯಾಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಯುರೋಪಿನವನು ಮಧ್ಯಯುಗವನ್ನು ಪುಸ್ತಕದಿಂದ ಕಟ್ಟಿಕೊಳ್ಳಬೇಕು. ಅಗ್ರಹಾರದಲ್ಲಿ ಬೆಳೆದವನಿಗೆ ಅದು ಬಾಲ್ಯದ ನೆನಪು. ಪರದೇಶದ ಕತ್ತಲ ಚಿತ್ರಮಂದಿರದಲ್ಲಿ ಈ ಅರಿವು ಮೂಡಿತು ಎನ್ನುವಾಗ ದೂರದ ವಾದಿಗಳ ಮುಖ ಅರಳುತ್ತದೆ.

ಆದರೆ ಅಗ್ರಹಾರದೊಂದಿಗಿನ ಅವರ ಜಗಳ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದ್ದಲ್ಲ. ಶಿವಮೊಗ್ಗದ ಸಮಾಜವಾದಿಗಳು, ಶಾಂತವೇರಿ ಗೋಪಾಲಗೌಡರು, ಲೋಹಿಯಾ ವಿಚಾರಗಳು ಅದನ್ನು ಮೊದಲೇ ಹೊತ್ತಿಸಿದ್ದವು. ಅದೇ ಚಳಿಯಲ್ಲಿ ಅದೇ ದೂರವನ್ನು ಅನುಭವಿಸಿದ ಎಷ್ಟೋ ವಿದ್ಯಾರ್ಥಿಗಳು ಪದವಿಯೊಂದನ್ನೇ ಹಿಡಿದು ಬಂದರು. ಈ ಆಕ್ಷೇಪಕ್ಕೂ ಒಂದು ಮಿತಿಯಿದೆ. ದೂರವೊಂದೇ ಸಾಲದು ಎಂದಷ್ಟೇ ಇದು ತೋರಿಸುತ್ತದೆ, ದೂರ ಬೇಡವೆಂದಲ್ಲ. ಜಗಳ ಶಿವಮೊಗ್ಗದಲ್ಲಿ ಹತ್ತಿಕೊಂಡರೂ ಪುಸ್ತಕ ಅಲ್ಲಿಯೇ ಯಾಕೆ ಬರಲಿಲ್ಲ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಎಂ.ಎನ್. ಶ್ರೀನಿವಾಸರ ಉದಾಹರಣೆ ಈ ತೊಡಕನ್ನು ಇನ್ನಷ್ಟು ಬಿಗಿಯಾಗಿಸುತ್ತದೆ. ಆಕ್ಸ್‌ಫರ್ಡಿನಲ್ಲಿ ಮಾನವಶಾಸ್ತ್ರ ಕಲಿತು ಬಂದ ಅವರು 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನೆಲೆಸಿ ಅಧ್ಯಯನ ಮಾಡಿದರು. ಪುಸ್ತಕದಲ್ಲಿ ಅದಕ್ಕೆ ರಾಮಪುರವೆಂದು ಹೆಸರಿಟ್ಟರು. 1970ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಕಿಡಿಗೇಡಿಗಳು ಇಟ್ಟ ಬೆಂಕಿಗೆ ವರ್ಷಗಟ್ಟಲೆ ತಿದ್ದಿ ಜೋಡಿಸಿದ್ದ ಟಿಪ್ಪಣಿಗಳು ಸುಟ್ಟುಹೋದವು. ಆಗ ನೆನಪಿನ ಆಸರೆಯಲ್ಲಿ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಹೊರಬಂತು. ಕಾಗದವೂ ಇಲ್ಲ, ಊರೂ ಹತ್ತಿರವಿಲ್ಲ, ಆದರೂ ಹಳ್ಳಿಯ ಜನ ಮೈದುಂಬಿ ನಿಂತರು. ಇಲ್ಲಿ ದೂರದ ವಾದಕ್ಕೆ ಅರ್ಧ ಗೆಲುವು ಬಿಟ್ಟುಕೊಡಲೇಬೇಕು.

ಅರ್ಧ ಮಾತ್ರ. ಊರಿನ ಮುಖ್ಯಸ್ಥರ ಆಶ್ರಯದಲ್ಲಿ ಬಿಡಾರ ಹೂಡಿದ್ದರಿಂದ ತನಗೆ ಕಂಡದ್ದು ಹೆಚ್ಚಾಗಿ ಮೇಲುಜಾತಿಯವರ ಹಳ್ಳಿ ಎಂಬ ಅಳುಕು ಆ ಪುಸ್ತಕದಲ್ಲೇ ಇದೆ. ಆಕ್ಸ್‌ಫರ್ಡಿನ ತರಬೇತಿಯಾಗಲಿ ಕ್ಯಾಲಿಫೋರ್ನಿಯಾದ ದೂರವಾಗಲಿ ನಿಂತ ಜಾಗವನ್ನು ಬದಲಿಸಲಿಲ್ಲ. ಹಾಗಾದರೆ ತನ್ನ ಸಂಸ್ಕೃತಿಯನ್ನು ಕಾಣಲು ಸಮುದ್ರ ದಾಟಬೇಕಾಗಿ ಬರುವುದು ಯಾರಿಗೆ? ಅದು ಯಾರಿಗೆ ಹಾಸಿಗೆಯಂತೆ ಮೆತ್ತಗಿತ್ತೋ ಅವರಿಗೆ. ಚುಚ್ಚಿಸಿಕೊಂಡವರಿಗೆ ಅದು ಕೇರಿಯಲ್ಲೇ ಕಂಡಿದೆ. ದೇವನೂರ ಮಹಾದೇವ ‘ಒಡಲಾಳ’ ಬರೆಯಲು ಪರದೇಶದ ವಿಶ್ವವಿದ್ಯಾಲಯಕ್ಕೆ ಹೋಗಲಿಲ್ಲ. ಒಂದು ವರ್ಗದ ಗಂಡಸರ ಅನುಭವವನ್ನು ಮನುಷ್ಯಸ್ವಭಾವವೆಂದು ಸಾರಿದ್ದೇ ಈ ವಾದದ ದೋಷ.

ಮಾಗುವಿಕೆಯ ಮಾತಿಗೂ ಇದೇ ಪರೀಕ್ಷೆ ಒಡ್ಡಬಹುದು. ಪ್ರಸ್ತುತ ಲೇಖಕರ ನೆಂಟರ ಹುಡುಗನೊಬ್ಬ ಜರ್ಮನಿಗೆ ಹೋದ ಮೇಲೆ ಅಮ್ಮನಿಗೆ ವಿಡಿಯೋ ಕರೆ ಮಾಡಿ ಸಾರಿಗೆ ಒಗ್ಗರಣೆ ಹಾಕುವುದನ್ನು ಕಲಿತ, ಬಟ್ಟೆ ಒಗೆದುಕೊಂಡ, ತಾನು ತಿಂದ ತಟ್ಟೆ ತಾನೇ ತೊಳೆದ. ಮನೆಮಂದಿಯೆಲ್ಲ ಹುಡುಗ ಬೆಳೆದನೆಂದು ಹಿಗ್ಗಿದರು. ಅದೇ ಮನೆಯಲ್ಲಿ ಅವನ ತಂಗಿ ಹತ್ತು ವರ್ಷಕ್ಕೇ ಇವೆಲ್ಲವನ್ನೂ ಮಾಡುತ್ತಿದ್ದಳು. ಅದನ್ನು ಬೆಳವಣಿಗೆಯೆಂದು ಯಾರೂ ಕರೆದಿರಲಿಲ್ಲ.

ವಾದ ಇಲ್ಲಿಗೆ ಮುಗಿಯಬಹುದಿತ್ತು, ಆದರೆ ಅಂಬೇಡ್ಕರ್ ಅಡ್ಡ ಬರುತ್ತಾರೆ. ಗಾಡಿಯವನು ಹತ್ತಿಸಿಕೊಳ್ಳಲು ಒಲ್ಲೆನೆಂದ ಬಾಲ್ಯದ ಪ್ರಯಾಣದಲ್ಲೇ ಅವರಿಗೆ ಜಾತಿ ಕಂಡಿತ್ತು. ಕಾಣಲು ನ್ಯೂಯಾರ್ಕ್ ಬೇಕಿರಲಿಲ್ಲ. ಆದರೂ 1913ರಲ್ಲಿ ಕೊಲಂಬಿಯಾಕ್ಕೆ ಹೋದವರು 1916ರಲ್ಲಿ ಅಲ್ಲಿನ ವಿಚಾರಗೋಷ್ಠಿಯಲ್ಲಿ ಜಾತಿಯ ಹುಟ್ಟು ಮತ್ತು ರಚನೆಯ ಮೇಲೆ ಪ್ರಬಂಧ ಮಂಡಿಸಿ, ಒಳಮದುವೆಯೇ ಅದರ ಜೀವಾಳವೆಂದು ವಾದಿಸಿದರು. ನೋವು ಉಂಡವನಿಗೆ ನೋವು ಗೊತ್ತು. ಅದು ಹೀಗೇ ಇರಬೇಕಾಗಿಲ್ಲ ಎನ್ನುವುದಕ್ಕೆ ಬದುಕಿ ನೋಡಿದ ಪುರಾವೆ ಬೇರೆಡೆ ಸಿಕ್ಕಿತು. ಇದು ದೂರದ ವಾದಕ್ಕೆ ಸಲ್ಲಬೇಕಾದ ಅಂಶ, ಮತ್ತು ಸಣ್ಣದಲ್ಲ.

ವಿಚಿತ್ರವೆಂದರೆ ಅದೇ ದೂರ ಮರೆವನ್ನೂ ತಂದಿತು. ಪರದೇಶದ ವರ್ಷಗಳಲ್ಲಿ ತಾನು ಅಸ್ಪೃಶ್ಯನೆಂಬ ಪ್ರಜ್ಞೆಯೇ ಅಳಿಸಿಹೋಗಿತ್ತೆಂದು ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಅವರು ಬರೆಯುತ್ತಾರೆ. ಸಂಸ್ಥಾನದ ಸೇವೆಗೆಂದು 1917ರಲ್ಲಿ ಬರೋಡಾಕ್ಕೆ ಬಂದಾಗ ಎಲ್ಲಿ ಉಳಿಯುವುದೆಂಬ ಪ್ರಶ್ನೆ ಎದುರಾಯಿತು. ಪಾರ್ಸಿ ಹೆಸರಿಟ್ಟುಕೊಂಡು ಸೇರಿದ್ದ ವಸತಿಗೃಹಕ್ಕೆ ಕೋಲು ಹಿಡಿದ ಗುಂಪು ಬಂದು ಅವರನ್ನು ಹೊರಹಾಕಿತು. ದೂರ ಕಣ್ಣು ತೆರೆಸಿತೋ ಮುಚ್ಚಿಸಿತೋ? ಎರಡೂ ನಡೆದವು, ಒಬ್ಬನೇ ಮನುಷ್ಯನಲ್ಲಿ.

ಇಂದಿನ ವಿದ್ಯಾರ್ಥಿಗೆ ಅಂಥ ದೂರವೇ ಸಿಗುತ್ತದೆಯೇ ಎಂಬುದೂ ಅನುಮಾನ. ಸಸ್ಯಾಹಾರಿಗಳಿಗೆ ಮಾತ್ರ ಎಂಬ ಷರತ್ತಿನ ಬಾಡಿಗೆ ಕೋಣೆ, ಊರಿನ ವಾಟ್ಸಾಪ್ ಗುಂಪು, ಮಾತಿನ ನಡುವೆ ಮೆಲ್ಲನೆ ಕೇಳುವ ಮನೆತನದ ಹೆಸರು ವಿಮಾನದಲ್ಲೇ ಜೊತೆಗೆ ಬಂದಿವೆ. 2023ರಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ಕಾನೂನಿನಿಂದ ನಿಷೇಧಿಸಿತು. ಅದೇ ವರ್ಷ ಕ್ಯಾಲಿಫೋರ್ನಿಯಾ ಶಾಸನಸಭೆ ಒಪ್ಪಿದ್ದ ಇಂಥದೇ ಮಸೂದೆಯನ್ನು ಗವರ್ನರ್ ತಿರಸ್ಕರಿಸಿದರು. ಆದರೂ ಹಾಸನದಿಂದಲೋ ದಾವಣಗೆರೆಯಿಂದಲೋ ಹೋದ ಹುಡುಗಿ ಮೊದಲ ಬಾರಿಗೆ ತನ್ನ ಹೆಸರಿನಲ್ಲೇ ಕೋಣೆ ಹಿಡಿದು, ರಾತ್ರಿ ಹತ್ತಕ್ಕೆ ಗ್ರಂಥಾಲಯದಿಂದ ಯಾರಿಗೂ ಲೆಕ್ಕ ಒಪ್ಪಿಸದೆ ನಡೆದು ಬರುವಾಗ ಆಗುವ ಬದಲಾವಣೆಯನ್ನು ತಳ್ಳಿಹಾಕುವುದು ಕಷ್ಟ. ಮನೆಯಲ್ಲೇ ಸಿಗಬೇಕಿದ್ದ ಹಕ್ಕು ಅದು ಎಂಬುದು ನಿಜ. ಸಿಕ್ಕದ್ದು ಅಲ್ಲಿ ಎಂಬುದೂ ನಿಜ.

ಅದು ಎಷ್ಟು ಗಟ್ಟಿ ಎಂದು ಗೊತ್ತಾಗುವುದು ಮರಳಿದಾಗ, ಬರೋಡಾದಲ್ಲಿ ಆದಂತೆ. ಹತ್ತು ವರ್ಷ ಸಂಸ್ಥಾನದ ಚಾಕರಿ ಮಾಡುವ ಕರಾರಿಗೆ ಸಹಿ ಹಾಕಿ ಹೋದದ್ದರಿಂದ ಅಂಬೇಡ್ಕರ್ ಅಲ್ಲಿಗೆ ಬರಲೇಬೇಕಿತ್ತು. ಈಗಿನ ವಿದ್ಯಾರ್ಥಿಯನ್ನು ಕಟ್ಟಿಹಾಕಿರುವುದು ಬ್ಯಾಂಕಿನ ಶಿಕ್ಷಣ ಸಾಲ. ಡಾಲರಿನಲ್ಲಿ ದುಡಿಯದೆ ಅದರ ಕಂತು ತೀರದು, ಕಂತು ತೀರುವ ತನಕ ಮರಳುವ ಮಾತಿಲ್ಲ.