ಕಟ್ಟಿಸಿದವರು, ಕಟ್ಟಿದವರು

ಹಳೆಯ ಗುಡಿಯನ್ನೋ ಕೆರೆಯನ್ನೋ ಕಂಡರೆ ನಾವು ಮೊದಲು ಕೇಳುವುದು ‘ಯಾರು ಕಟ್ಟಿಸಿದ್ದು?’ ಎಂದು. ‘ಯಾರು ಕಟ್ಟಿದ್ದು?’ ಎಂದು ಕೇಳುವವರು ಕಡಿಮೆ. ಕನ್ನಡದ ‘ಇಸು’ ಎಂಬ ಪುಟ್ಟ ಪ್ರತ್ಯಯದಲ್ಲಿ ದಾನಿ ಉಳಿಯುತ್ತಾನೆ, ಕಲ್ಲು ಹೊತ್ತವನು ಕರಗುತ್ತಾನೆ.

ತುಮಕೂರು ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ 1904ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೆರಡನೆಯ ಸಂಪುಟವಾಗಿ ಪ್ರಕಟಿಸಿದರು. ಸಂಶೋಧನಾ ವಿದ್ಯಾರ್ಥಿಯಾಗಿ ಇಂಥ ಸಂಪುಟಗಳನ್ನು ತಿರುವುವಾಗಲೆಲ್ಲ ನನ್ನನ್ನು ಕಾಡುವುದು ಈ ಪ್ರತ್ಯಯವೇ. ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ಸಿಕ್ಕ ಒಂಬತ್ತನೆಯ ಶತಮಾನದ ತಾಮ್ರಪಟಗಳನ್ನೇ ನೋಡಿ. ರಾಷ್ಟ್ರಕೂಟ ಮೂರನೆಯ ಗೋವಿಂದ ಕೊಟ್ಟ, ಜೈನ ಮುನಿ ಅರ್ಕಕೀರ್ತಿ ಪಡೆದ. ಕೊಟ್ಟದ್ದು ಒಂದು ಊರನ್ನು. ಆ ಊರಿನಲ್ಲಿ ಉಳುತ್ತಿದ್ದವರ ದುಡಿಮೆಯೂ ಅದರೊಳಗೇ ಸೇರಿತ್ತು. ಅವರ ಹೆಸರು ಸೇರಲಿಲ್ಲ.

ಹಾಗಾದರೆ ಹೆಸರಿಲ್ಲದಿರುವುದೇ ಅನ್ಯಾಯವೇ? ನನಗೆ ಹಾಗನ್ನಿಸುವುದಿಲ್ಲ. ಕುಣಿಗಲ್ ಕೆರೆಯ ಚೆಲುವನ್ನು ಹೊಗಳುವ ಜನಪದ ಹಾಡು ನಾಡಿಗೆಲ್ಲ ಗೊತ್ತು. ಅದನ್ನು ಕಟ್ಟಿದವರು ಯಾರೆಂದು ಯಾರೂ ಬರೆದಿಡಲಿಲ್ಲ. ಹಾಡಿದವರೆಲ್ಲ ಅದಕ್ಕೆ ಒಡೆಯರಾದರು. ಇಲ್ಲಿ ಹೆಸರು ಕಳೆದುಹೋಗಿಲ್ಲ, ಹಂಚಿಹೋಗಿದೆ.

ಅದೇ ಕುಣಿಗಲ್ಲಿನ ಕುದುರೆ ಫಾರಂನ ಕಥೆ ಬೇರೆ. ಅದರ ಚರಿತ್ರೆ ಟಿಪ್ಪುವಿನ ಕಾಲದವರೆಗೆ ಹೋಗುತ್ತದೆ. ರೇಸಿನ ಕುದುರೆಗೆ ವಂಶಾವಳಿಯೇ ಬೆಲೆ. ತಾಯಿ, ತಂದೆ, ಅಜ್ಜಿ, ಮುತ್ತಜ್ಜ ಎಲ್ಲರ ಹೆಸರೂ ದಾಖಲಾಗಬೇಕು. ಮರಿಯನ್ನು ರಾತ್ರಿಯಿಡೀ ಕಾದ ಲಾಯದ ಆಳಿಗೆ ಆ ಪುಸ್ತಕದಲ್ಲಿ ಕಾಲಂ ಇಲ್ಲ. ಪಟ್ಟಿಯೇ ಇಲ್ಲದ ಕಡೆ ಹೆಸರಿಲ್ಲದಿರುವುದು ಒಂದು ಮಾತು. ಪಟ್ಟಿ ಇಟ್ಟು, ಕುದುರೆಯ ಮುತ್ತಜ್ಜನನ್ನೂ ಬರೆದು, ಮನುಷ್ಯನನ್ನು ಬಿಡುವುದು ಇನ್ನೊಂದು. ನನ್ನ ದೃಷ್ಟಿಯಲ್ಲಿ ಅನ್ಯಾಯ ಶುರುವಾಗುವುದು ಈ ಎರಡನೆಯ ಕಡೆ.

‘ಆ ಕಾಲದಲ್ಲಿ ಸಾಮಾನ್ಯರ ಹೆಸರು ಬರೆಯುವ ರೂಢಿ ಇರಲಿಲ್ಲ’ ಎನ್ನುವವರಿಗೆ ನಮ್ಮ ವೀರಗಲ್ಲುಗಳೇ ಉತ್ತರ. ತುರುಗಳನ್ನು ಬಿಡಿಸಲು ಹೋಗಿ ಸತ್ತ ಊರಾಳುಗಳ ಹೆಸರು ಅಲ್ಲಿ ಉಳಿದಿದೆ. ಅಂದರೆ ಬರೆಯಬಹುದಿತ್ತು. ಸತ್ತದ್ದಕ್ಕೆ ಬರೆದರು, ದುಡಿದದ್ದಕ್ಕೆ ಬರೆಯಲಿಲ್ಲ.

ನಡುವಿನ ದಾರಿಯೂ ಒಂದಿದೆ. 1884ರಲ್ಲಿ ಹುಟ್ಟಿದ ನಾಟಕ ಮಂಡಳಿ ‘ಗುಬ್ಬಿ ಕಂಪನಿ’ ಎಂದೇ ಹೆಸರಾಯಿತು. ವೀರಣ್ಣನವರ ಕೀರ್ತಿ ದೊಡ್ಡದು, ನ್ಯಾಯವಾದದ್ದು. ಆದರೂ ‘ಗುಬ್ಬಿ ಕಂಪನಿಯಲ್ಲಿದ್ದೆ’ ಎಂಬ ಮಾತೇ ಎಷ್ಟೋ ಕಲಾವಿದರಿಗೆ ಗುರುತಾಯಿತು. ಒಂದು ಊರಿನ ಹೆಸರು ಹಲವರಿಗೆ ವಿಳಾಸವಾಯಿತು.

ಸತ್ತವರ ಹೆಸರುಗಳನ್ನು ನಾವು ಸೃಷ್ಟಿಸಲಾರೆವು. ಹಾಗೆ ಮಾಡಿದರೆ ಅದು ಚರಿತ್ರೆಯಾಗದು. ಆದರೆ ದಾನಶಾಸನಗಳು ಮತ್ತೆ ಮತ್ತೆ ಹೇಳುವ ಒಂದು ನೀತಿಯಿದೆ: ಕೊಡುವುದಕ್ಕಿಂತ ಕೊಟ್ಟದ್ದನ್ನು ಕಾಯುವುದು ಹೆಚ್ಚಿನದು. ಈ ಮಾತನ್ನು ನಂಬುವುದಾದರೆ, ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುವ ನೀರುಗಂಟಿ ದಾನಿಗಿಂತ ದೊಡ್ಡವನು. ನೀರುಗಂಟಿಕೆ ಮಾಡಿದ ಹಿರಿಯರು ಕೆಲವು ಊರುಗಳಲ್ಲಿ ಇನ್ನೂ ಇದ್ದಾರೆ. ಅವರ ಹೆಸರು ಕೇಳಿ ಬರೆದುಕೊಳ್ಳಲು ಶಾಸನತಜ್ಞರೇ ಬೇಕಿಲ್ಲ.