ಕೆಂಪು ಕಾರು

ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪಿನ ಹರಾಜು ಮುಗಿದು ಹಣ ಕೈಸೇರಿದಾಗ, ಕಾರು ಕೊಳ್ಳಹೊರಟ ಗೃಹಸ್ಥನು ಬಣ್ಣದ ವಿಷಯದಲ್ಲಿ ಜೋಯಿಸರನ್ನು ಕೇಳುವುದುಂಟು. ಕೆಂಪು ಕುಜನ ವರ್ಣವಾದುದರಿಂದ ಅದು ಒಬ್ಬನಿಗೆ ಜಯಪ್ರದವೆಂದೂ ಮತ್ತೊಬ್ಬನಿಗೆ ಅಪಾಯಕಾರಿಯೆಂದೂ ಅವರು ನುಡಿಯುವರು. ಎಂಜಿನ್ನಿನ ಪರೀಕ್ಷೆಯನ್ನು ಮಾತ್ರ ಯಾರೂ ಗ್ರಹಗಳಿಗೆ ಬಿಡುವುದಿಲ್ಲ! ಛಾಂದೋಗ್ಯೋಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಉದ್ದಾಲಕನು ಮಗನಾದ ಶ್ವೇತಕೇತುವಿಗೆ, ಅಗ್ನಿಯಲ್ಲಿನ ಕೆಂಪು ತೇಜಸ್ಸಿನದು, ಬಿಳುಪು ನೀರಿನದು, ಕಪ್ಪು ಅನ್ನದ್ದು ಎಂದು ಬಿಡಿಸಿ ತೋರಿ, ಈ ಮೂರನ್ನೂ ಕಳೆದಮೇಲೆ ಅಗ್ನಿಯ ಅಗ್ನಿತ್ವವೇ ಉಳಿಯದೆಂದು ಬೋಧಿಸುತ್ತಾನೆ. ಅಗ್ನಿಯ ಗತಿಯೇ ಹೀಗಿರಲು, ತಗಡಿನ ಮೇಲೆ ಬಳಿದ, ಬಿಸಿಲಿಗೆ ಮಾಸುವ ಕೆಂಪಿಗೆ ಶುಭಾಶುಭಗಳನ್ನೀಯುವ ಸ್ವತಂತ್ರ ಶಕ್ತಿ ಎಲ್ಲಿಯದು? ಕಣ್ಣಿಗೊಪ್ಪಿದುದನ್ನು ಬಯಸುವುದು ದೋಷವಲ್ಲ. ಬಯಕೆಯ ಹೊಣೆಯನ್ನು ಮಂಗಳನ ತಲೆಗೆ ಕಟ್ಟುವುದು ನನಗೆ ಸಲ್ಲದೆಂದು ತೋರುತ್ತದೆ. ಅಷ್ಟಕ್ಕೂ, ಹೆಗ್ಗಡದೇವನಕೋಟೆಯ ಕೆಮ್ಮಣ್ಣಿನ ದಾರಿಗಳಲ್ಲಿ ಒಂದು ಬೇಸಗೆ ಓಡಾಡಿದರೆ, ಜೋಯಿಸರು ವಿಧಿಸಿದ ಬಿಳಿಯ ಕಾರೂ ಕೆಂಪಾಗಿಯೇ ಮನೆಗೆ ಮರಳುವುದು.