ಹೊಂಡಕ್ಕೆ ಹಾರಿದ ರಾಕೆಟ್ಟು

ಅಜ್ಜಂಪುರದ ನಮ್ಮ ಅಕ್ಕನ ಮಗ ಹೋದ ಭಾನುವಾರ ರಾಕೆಟ್ ಹಾರಿಸಿದ. ಹಾರಿಸಿದ ಅನ್ನುವುದು ಅವನ ಮಾತು. ಅಲ್ಲಿ ರಾಕೆಟ್ಟೂ ಇರಲಿಲ್ಲ, ಬೆಂಕಿಯೂ ಇರಲಿಲ್ಲ. ಇದ್ದದ್ದು ಬೆಂಕಿಪೊಟ್ಟಣದಷ್ಟು ದೊಡ್ಡದೊಂದು ಸರ್ಕ್ಯೂಟ್ ಬೋರ್ಡು, ಪುಟ್ಟ ಬ್ಯಾಟರಿ, ಒಂದು ಕೆಂಪು ದೀಪ, ಇವನ್ನೆಲ್ಲ ತುರುಕಿದ ಪ್ಲಾಸ್ಟಿಕ್ ಊಟದ ಡಬ್ಬಿ. ತರೀಕೆರೆಯಿಂದ ಲಿಂಗದಹಳ್ಳಿ ಮೇಲೆ ಕೆಮ್ಮಣ್ಣುಗುಂಡಿಗೆ ಅವನು ಬೈಕ್ ಓಡಿಸಿದ, ನಾನು ಡಬ್ಬಿ ತಬ್ಬಿಕೊಂಡು ಹಿಂದೆ ಕೂತೆ. "ಮಾವ, ಇವತ್ತು ನೀನೇ ನನ್ನ ರಾಕೆಟ್ಟು" ಅಂದ.

ಹವ್ಯಾಸಿ ರಾಕೆಟ್ಟಿನ ಹೊಟ್ಟೆಯಲ್ಲಿ ಕೂರುವ ಕಂಪ್ಯೂಟರು ಇದು. ರಾಕೆಟ್ಟನ್ನು ಮೇಲೆ ಕಳಿಸುವುದು ಇದರ ಕೆಲಸವಲ್ಲ, ಅದನ್ನು ಮದ್ದು ನೋಡಿಕೊಳ್ಳುತ್ತದೆ. ಏರುವುದು ಯಾವಾಗ ನಿಂತಿತು ಎಂದು ಕಂಡುಹಿಡಿಯುವುದು ಇದರ ಕೆಲಸ. ಆ ನೆತ್ತಿಯಲ್ಲಿ ಪ್ಯಾರಾಚೂಟ್ ಬಿಚ್ಚಬೇಕು. ಬೇಗ ಬಿಚ್ಚಿದರೆ ವೇಗಕ್ಕೆ ಬಟ್ಟೆ ಹರಿದು ಚಿಂದಿ. ತಡವಾದರೆ ಇಡೀ ರಾಕೆಟ್ಟು ಹಾರೆಯ ಹಾಗೆ ನೆಲಕ್ಕೆ ನಾಟಿಕೊಳ್ಳುತ್ತದೆ. ಅದರಲ್ಲೂ ನೆತ್ತಿಯಲ್ಲಿ ಬಿಚ್ಚುವುದು ಚಿಕ್ಕ ಪ್ಯಾರಾಚೂಟ್ ಮಾತ್ರ, ದೊಡ್ಡದೇನಿದ್ದರೂ ನೆಲ ಹತ್ತಿರ ಬಂದ ಮೇಲೆ. ಮೇಲೆಯೇ ದೊಡ್ಡದು ಬಿಚ್ಚಿಕೊಂಡರೆ ನಮ್ಮ ಆಷಾಢದ ಗಾಳಿಗೆ ಅಜ್ಜಂಪುರದಲ್ಲಿ ಹಾರಿಸಿದ್ದನ್ನು ಹೊಸದುರ್ಗದಲ್ಲಿ ಹುಡುಕಬೇಕಾದೀತು.

ನೆತ್ತಿ ಬಂತು ಎಂದು ಅದಕ್ಕೆ ಹೇಳುವವರು ಇಬ್ಬರು. ಒಂದು ಗಾಳಿಯ ಒತ್ತಡ ಅಳೆಯುವ ಸೆನ್ಸರು, ಇನ್ನೊಂದು ನೂಕು, ಎಳೆತ, ಕುಲುಕಾಟ ಅಳೆಯುವ ಸೆನ್ಸರು. ನಮ್ಮ ಸೀಮೆಯ ಎತ್ತರದಲ್ಲಿ ಸುಮಾರು ಒಂಬತ್ತು ಮೀಟರ್ ಏರಿದರೆ ಗಾಳಿಯ ಒತ್ತಡ ಒಂದು ಮಿಲಿಬಾರ್ ಇಳಿಯುತ್ತದೆ. ತರೀಕೆರೆ ಇರುವುದು ಸಮುದ್ರಮಟ್ಟದಿಂದ ಸುಮಾರು 700 ಮೀಟರಿನಲ್ಲಿ, ಕೆಮ್ಮಣ್ಣುಗುಂಡಿ 1434 ಮೀಟರಿನಲ್ಲಿ. ಹಾಗಾಗಿ ಗುಡ್ಡದ ತುದಿ ಮುಟ್ಟುವ ಹೊತ್ತಿಗೆ ಸುಮಾರು ಎಂಬತ್ತು ಮಿಲಿಬಾರ್ ಕಡಿಮೆಯಾಗಿರಬೇಕು. ಮದ್ದಿಲ್ಲದೆ, ಯಾರ ಅಪ್ಪಣೆಯೂ ಬೇಡದೆ, ಎರಡು ಲೀಟರ್ ಪೆಟ್ರೋಲಿನಲ್ಲಿ ಮುಗಿಯುವ ಪರೀಕ್ಷೆ.

ಕಲ್ಲತ್ತಿಗಿರಿಯಲ್ಲಿ ನಿಲ್ಲಿಸಿ ನೋಡಿದರೆ ಒತ್ತಡ ಹೆಚ್ಚುಕಡಿಮೆ ತರೀಕೆರೆಯದೇ. ಹುಡುಗನ ಮುಖ ಸಪ್ಪಗಾಯಿತು. ಆಮೇಲೆ ಹೊಳೆಯಿತು: ಸಾರು ಚೆಲ್ಲದ ಹೊಸ ಡಬ್ಬಿ ಅದು, ಮುಚ್ಚಳ ಅಷ್ಟು ಬಿಗಿ. ತರೀಕೆರೆಯ ಗಾಳಿಯನ್ನೇ ನಾವು ಕಟ್ಟಿಕೊಂಡು ಹೊರಟಿದ್ದೆವು! ಟೀ ಅಂಗಡಿಯ ಒಲೆಯಲ್ಲಿ ಸೇಫ್ಟಿ ಪಿನ್ ಕಾಯಿಸಿ ಡಬ್ಬಿಗೆ ನಾಲ್ಕು ತೂತು ಮಾಡಿದೆವು. ನಿಜವಾದ ರಾಕೆಟ್ಟಿನ ಮೈಯಲ್ಲೂ ಕಂಪ್ಯೂಟರ್ ಕೂರುವ ಕಡೆ ಸುತ್ತಲೂ ಇಂಥ ಸಣ್ಣ ತೂತುಗಳಿರುತ್ತವಂತೆ. ಅಂಗಡಿಯವರು ಮಿನುಗುವ ದೀಪ, ವೈರುಗಳನ್ನು ನೋಡಿ, ಹಾಲು ಉಕ್ಕುವುದನ್ನೂ ಮರೆತು ಎರಡು ಹೆಜ್ಜೆ ಹಿಂದೆ ಸರಿದಿದ್ದರು. ಕಾಲ ಹಾಗಿದೆ, ಅವರನ್ನು ಅನ್ನುವಂತಿಲ್ಲ.

ರಾಕೆಟ್ಟು ಅಂದರೆ ಈ ಸೀಮೆಗೆ ಹೊಸತೇನಲ್ಲ. 2018ರಲ್ಲಿ ಹೊಸನಗರ ತಾಲೂಕಿನ ನಗರ ಎಂಬ ಊರಿನಲ್ಲಿ ಹಾಳುಬಾವಿಯೊಂದರ ಕೆಸರು ತೆಗೆದಾಗ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಸಿಕ್ಕವು. ಕಬ್ಬಿಣದ ಕೊಳವೆಯೊಳಗೆ ಮದ್ದು. ಅಂಥ ಕೊಳವೆಗೆ ಉದ್ದನೆಯ ಬಿದಿರು ಕಟ್ಟಿ ಹಾರಿಸುತ್ತಿದ್ದರು, ದಿಕ್ಕು ತಪ್ಪದಂತೆ ನೋಡಿಕೊಳ್ಳುತ್ತಿದ್ದದ್ದು ಆ ಬಿದಿರು. ಹೈದರ್, ಟಿಪ್ಪುವಿನ ದಂಡಿನ ಫಿರಂಗಿ, ಸಾಮಾನು ಎಳೆದದ್ದು ಅಮೃತ ಮಹಲ್ ಎತ್ತುಗಳು. ಆ ತಳಿಯನ್ನು ಉಳಿಸುವ ಕೇಂದ್ರ ಇರುವುದು ನಮ್ಮ ಅಜ್ಜಂಪುರದಲ್ಲೇ. ಆ ದನಗಳಿಗೆಂದು ಬಿಟ್ಟ ಕಾವಲುಗಳಲ್ಲಿ ಚಳ್ಳಕೆರೆ ಕಡೆಯದು ಈಗ ಹಾರಾಟದ ಪರೀಕ್ಷೆಯ ಬಯಲು. 2023ರ ಏಪ್ರಿಲ್ 2ರ ಬೆಳಿಗ್ಗೆ ಚಿನೂಕ್ ಹೆಲಿಕಾಪ್ಟರು ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಕೈಬಿಟ್ಟ ಇಸ್ರೋದ ರೆಕ್ಕೆಯ ವಾಹನ, ಒಳಗೆ ಯಾರೂ ಇಲ್ಲದೆ, ತಾನೇ ದಾರಿ ನೋಡಿಕೊಂಡು ಅಲ್ಲಿ ಬಂದಿಳಿಯಿತು. ಕುರಿ ದನ ಮೇಯಿಸಿಕೊಂಡಿದ್ದವರ ನೆಲ ಅದು, ವಿವಾದ ಹಸಿರು ನ್ಯಾಯಮಂಡಳಿಯವರೆಗೂ ಹೋಗಿತ್ತು ಎನ್ನುವುದನ್ನು ಚಪ್ಪಾಳೆಯ ನಡುವೆ ಮರೆಯಬಾರದು. ಕಡೂರು ತಾಲೂಕಿನ ಬಾಸೂರು ಕಾವಲು ಮಾತ್ರ 2011ರಿಂದ ಕೃಷ್ಣಮೃಗಗಳ ಪಾಲಾಗಿದೆ. "ಅಲ್ಲಿ ಹಾರಿಸಿದರೆ ಎಷ್ಟು ಚೆನ್ನಾಗಿರತ್ತೆ ಮಾವ, ಒಂದು ಮರ ಅಡ್ಡ ಇಲ್ಲ" ಅಂದವನಿಗೆ ನಾನು ಗದರಿದೆ. ಮದ್ದನ್ನು ಮನೆಯಲ್ಲಿ ಅರೆಯುವ ಯೋಚನೆ ಬಂದರೂ ಹೀಗೇ ಗದರುತ್ತೇನೆ. ಬೆರಳು ಕಳೆದುಕೊಂಡು ಕಲಿಯುವಂಥ ವಿದ್ಯೆ ಅದರಲ್ಲಿ ಏನೂ ಇಲ್ಲ.

ಇವನಿಗೆ ಪಾಠ ಹೇಳಿಕೊಟ್ಟವರು ಯಾರು? ಕಾಲೇಜಂತೂ ಅಲ್ಲ. ಅಮೆರಿಕದ ಬಿಡೇಲ್ ಗಾರ್ಬಿ, ಕೀತ್ ಪ್ಯಾಕರ್ಡ್ ಎಂಬಿಬ್ಬರು ಆಲ್ಟಸ್ ಮೆಟ್ರಮ್ ಎಂಬ ಹೆಸರಿನಲ್ಲಿ ಇಂಥ ಕಂಪ್ಯೂಟರುಗಳನ್ನು ಮಾಡಿ ಮಾರುತ್ತಾರೆ. ಮಾರುವುದರ ಜೊತೆಗೆ ಬೋರ್ಡಿನ ನಕ್ಷೆಯನ್ನೂ ಅದರೊಳಗಿನ ಪ್ರೋಗ್ರಾಮನ್ನೂ ಪೂರ್ತಿ ಬಿಚ್ಚಿಟ್ಟಿದ್ದಾರೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಹೋಟೆಲಿನವರು ಅಡುಗೆಮನೆಯ ಬಾಗಿಲು ತೆಗೆದಿಟ್ಟ ಹಾಗೆ. ಇದೇ ಪ್ಯಾಕರ್ಡ್, ಲಿನಕ್ಸ್ ಕಂಪ್ಯೂಟರಿನಲ್ಲಿ ಯಾವ ಲಿಪಿಗೆ ಯಾವ ಫಾಂಟು ಎಂದು ಹುಡುಕಿಕೊಡುವ ಫಾಂಟ್‌ಕಾನ್ಫಿಗ್ ಬರೆದವರು. ಹುಡುಗನ ಹಳೇ ಲ್ಯಾಪ್‌ಟಾಪಿನ ಪರದೆಯಲ್ಲಿ ಕನ್ನಡ ಮೂಡುವುದರಲ್ಲೂ ಅವರ ಕೈವಾಡವಿದೆ ಎಂದು ತಿಳಿದು ನನಗೆ ಯಾಕೋ ಖುಷಿಯಾಯಿತು.

ಡಬ್ಬಿಯಲ್ಲಿದ್ದದ್ದು ಅವರ ಪ್ರೋಗ್ರಾಮನ್ನು ಓದಿ ಇವನೇ ಬರೆದುಕೊಂಡ ಸಣ್ಣದು. ಅಳೆದದ್ದನ್ನೆಲ್ಲ ಅದು ರೇಡಿಯೋದಲ್ಲಿ ಆಗಾಗ ಹೊರಗೆ ಕಳಿಸುತ್ತಿರಬೇಕು, ಟೆಲಿಮೆಟ್ರಿ ಎಂದರೆ ಅದೇ. ಅರಸೀಕೆರೆ ದಾಟಿ ಹೋದರೆ ಸಿಗುವ ಹಾಸನದ ಇಸ್ರೋ ಕೇಂದ್ರ 36,000 ಕಿಲೋಮೀಟರ್ ದೂರದ ಉಪಗ್ರಹಗಳಿಂದ 1982ರಿಂದ ಕೇಳಿಸಿಕೊಳ್ಳುತ್ತಿರುವುದೂ ಇದನ್ನೇ: ಹೇಗಿದ್ದೀಯ, ಎಲ್ಲಿದ್ದೀಯ. ರಾಕೆಟ್ಟು ಜೋಳದ ಹೊಲದಲ್ಲಿ ಕಾಣೆಯಾದರೂ ಕೊನೆಯ ಮಾತು ಕೈಯಲ್ಲಿರುತ್ತದೆ. 865ರಿಂದ 867 ಮೆಗಾಹರ್ಟ್ಸ್ ನಡುವೆ ಸಣ್ಣ ಶಕ್ತಿಯ ರೇಡಿಯೋಗೆ ನಮ್ಮಲ್ಲಿ ಲೈಸೆನ್ಸ್ ಬೇಡ. ಅವನ ರೇಡಿಯೋ ಅದರಲ್ಲೇ ಮಾತಾಡುತ್ತಿತ್ತು, ಕೇಳಿಸಿಕೊಳ್ಳುವ ಯಂತ್ರ ಅವನ ಜೇಬಿನಲ್ಲೇ ಇತ್ತು.

ಗುಡ್ಡದ ಮೇಲೆ ಕೂತು ಲೆಕ್ಕ ತೆಗೆದ. ತೂತು ಮಾಡಿದ ಮೇಲೆ ಒತ್ತಡವೇನೋ ಸರಿಯಾಗಿ ಇಳಿದಿತ್ತು. ಉಳಿದದ್ದು ನೋಡಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಲಿಂಗದಹಳ್ಳಿಗೆ ಮುಂಚೆ ಬೈಕು ಒಂದು ಹೊಂಡಕ್ಕೆ ಧಡಕ್ಕನೆ ಇಳಿದಿತ್ತು, ಆ ಏಟಿಗೇ ಯಂತ್ರ "ಹಾರಿದೆ" ಎಂದು ಬರೆದುಕೊಂಡಿತ್ತು. ಕಲ್ಲತ್ತಿಗಿರಿ ದಾಟಿ ರಸ್ತೆ ತುಸು ಇಳಿಜಾರಾದ ಕಡೆ "ನೆತ್ತಿ ಬಂತು" ಎಂದು ಕೆಂಪು ದೀಪ ಹೊತ್ತಿಸಿ, ತನ್ನ ಲೆಕ್ಕದಲ್ಲಿ ಪ್ಯಾರಾಚೂಟ್ ಬಿಚ್ಚಿಬಿಟ್ಟಿತ್ತು. ಗುಡ್ಡ ಇನ್ನೂ ಮುಂದಿತ್ತು.

"ಆಲ್ಟಸ್ ಮೆಟ್ರಮ್‌ನವರು ಎರಡೂ ಸೆನ್ಸರಿನ ಮಾತನ್ನ ಕೂಡಿಸಿ ತೂಗಿ ನೋಡ್ತಾರೆ ಮಾವ. ಆ ಗಣಿತ ಕಷ್ಟ ಅಂತ ನಾನು ಬಿಟ್ಟಿದ್ದೆ" ಅಂದ.

ರಾತ್ರಿ ಅಜ್ಜಂಪುರದ ಮನೆಯಲ್ಲಿ ಊಟಕ್ಕೆ ಎರಡು ಸಲ ಕರೆದರೂ ಏಳಲಿಲ್ಲ. ಬಿಟ್ಟ ಗಣಿತವನ್ನು ಓದುತ್ತಿದ್ದ. ಒಂದು ಏಟನ್ನೇ ನಂಬದೆ ನೂಕು ಸ್ವಲ್ಪ ಹೊತ್ತು ಬಿಡದೆ ಇದ್ದರೆ ಮಾತ್ರ ಹಾರಾಟ ಅಂತ ಲೆಕ್ಕ ಹಿಡಿಯುವ ಸಾಲೊಂದನ್ನು ಅಷ್ಟರಲ್ಲಿ ಸೇರಿಸಿದ್ದ. ಮುಂದೆ ಓದುವವರಿಗೆಂದು ಅದರ ಪಕ್ಕ ಕನ್ನಡದಲ್ಲೇ ಒಂದು ಟಿಪ್ಪಣಿ: "ಇದು ಲಿಂಗದಹಳ್ಳಿ ರಸ್ತೆ ಹೊಂಡ, ರಾಕೆಟ್ ಅಲ್ಲ."